ಬೆರಳಿನ ಗಾಯಕ್ಕೆ ಸತ್ತ ಸರ್ಜನ್: ನಾರ್ಮನ್ ಬೆಥೂನ್ ಬಗ್ಗೆ ಏನು ಹೇಳಲಿ?

ಸ್ಕ್ರಬ್_ಸಿಸ್ಟರ್
ಎಲ್ಲರಿಗೂ ನಮಸ್ಕಾರ. ನಾನು ಓಟಿಯಲ್ಲಿ (ಆಪರೇಷನ್ ಥಿಯೇಟರ್) ಸ್ಕ್ರಬ್ ನರ್ಸ್, ಅಂದ್ರೆ ಸರ್ಜನ್ ಕೈಗೆ ಸಲಕರಣೆ ಕೊಡೋಳು, ಹನ್ನೊಂದು ವರ್ಷ ಆಯ್ತು. ಬರುವ ನವೆಂಬರ್ 12ಕ್ಕೆ ನರ್ಸಿಂಗ್ ಹುಡುಗಿಯರ ಮುಂದೆ ಹತ್ತು ನಿಮಿಷ ಮಾತಾಡಬೇಕು. ವಿಷಯ ನಾನೇ ಆರಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ: ಡಾಕ್ಟರ್ ನಾರ್ಮನ್ ಬೆಥೂನ್. ಕೆನಡಾದ ಸರ್ಜನ್; ಚೀನಾದಲ್ಲಿ ಬರಿಗೈಯಲ್ಲಿ ಆಪರೇಷನ್ ಮಾಡುವಾಗ ಬೆರಳು ಕೊಯ್ದು, ನಂಜಾಗಿ ತೀರಿಕೊಂಡ ದಿನ ಅದೇ, 1939ರಲ್ಲಿ.

ಈ ಹೆಸರು ನನಗೆ ಗೊತ್ತಾಗಿದ್ದು ಹೋದ ತಿಂಗಳು. ಒಂದು ಕೇಸಲ್ಲಿ ಮುರಿದ ಪಕ್ಕೆಲುಬಿನ ಚೂಪು ತಾಗಿ ಸರ್ಜನ್ ಗ್ಲೌಸ್ ಹರಿಯಿತು. "ಏನಾಗಲ್ಲ, ಮುಗಿಸಿಬಿಡೋಣ" ಅಂದರು. ನಾನು ಏನೂ ಹೇಳಲಿಲ್ಲ. ಹೊಸ ಗ್ಲೌಸ್ ಬಿಚ್ಚಿ, ಅದರ ಬಾಯಿ ಅಗಲ ಮಾಡಿ ಹಿಡಿದುಕೊಂಡು ನಿಂತೇ ಇದ್ದೆ. ಅರ್ಧ ನಿಮಿಷ ನೋಡಿದರು, ಆಮೇಲೆ ಕೈ ಕೊಟ್ಟರು. ಕೇಸ್ ಮುಗಿದ ಮೇಲೆ ಅರಿವಳಿಕೆ ಡಾಕ್ಟ್ರು, "ಸಿಸ್ಟರ್, ಬೆಥೂನ್ ಪಕ್ಕ ನೀವು ಇರಬೇಕಿತ್ತು" ಅಂತ ನಕ್ಕರು.

ಈಗ ಪ್ರಶ್ನೆ ಏನಂದ್ರೆ, ಇದನ್ನ ವೀರರ ಕಥೆ ಥರ ಹೇಳೋದಾ, ಗ್ಲೌಸ್ ಪಾಠದ ಥರ ಹೇಳೋದಾ? ಓದಿದಷ್ಟೂ ಆ ಮನುಷ್ಯ ಕೈಗೆ ಸಿಗ್ತಾ ಇಲ್ಲ. ಗೊತ್ತಿರೋರು ಹೇಳಿ.

ಓದುಗೂಲಿ
ಅಕ್ಕ, ಸಾವಿನಿಂದ ಶುರು ಮಾಡಬೇಡಿ. ಮನುಷ್ಯ ಚಿಕ್ಕದಾಗಿಬಿಡ್ತಾನೆ.

ಹುಟ್ಟಿದ್ದು 1890ರಲ್ಲಿ, ಕೆನಡಾದ ಗ್ರೇವನ್‌ಹರ್ಸ್ಟ್‌ನಲ್ಲಿ. ಅಪ್ಪ ಪಾದ್ರಿ, ತಾತ ಸರ್ಜನ್. ಓದೋ ವಯಸ್ಸಲ್ಲಿ ಓದು ಬಿಟ್ಟು ಮರ ಕಡಿಯುವವರ ಕ್ಯಾಂಪಿಗೆ ಹೋಗಿ, ಹಗಲು ಅವರ ಜೊತೆ ಕೂಲಿ ಮಾಡಿ ರಾತ್ರಿ ಅವರಿಗೆ ಅಕ್ಷರ ಕಲಿಸಿದ. ವಾಪಸ್ ಬಂದು ಮೆಡಿಕಲ್ ಸೇರಿದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು, ಮತ್ತೆ ಓದು ಬಿಟ್ಟ. ಡಾಕ್ಟರಾಗಿ ಹೋಗಿದ್ದಲ್ಲ, ಸ್ಟ್ರೆಚರ್ ಹೊರೋಕೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಶೆಲ್ ಚೂರು ಎಡಗಾಲಿಗೆ ಹೊಕ್ಕಿತು. ಊರಿಗೆ ಕಳಿಸಿದರು. 1916ರಲ್ಲಿ ಡಿಗ್ರಿ ಮುಗಿಸಿ 1917ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸರ್ಜನ್ ಆಗಿ ಸೇರಿದ. ಯುದ್ಧ ಮುಗಿದ ಮೇಲೆ ಸ್ವಲ್ಪ ದಿನ ಕೆನಡಾದ ವಾಯುಪಡೆಯಲ್ಲೂ ಇದ್ದ. ಭೂಮಿ, ನೀರು, ಗಾಳಿ, ಮೂರೂ ಆಯ್ತು ನೋಡಿ. ಆಮೇಲೆ ಸ್ಪೇನ್, ಅದಾದ ಮೇಲೆ ಚೀನಾ, ಜಪಾನ್ ವಿರುದ್ಧ ಹೋರಾಡ್ತಿದ್ದ ಕಮ್ಯುನಿಸ್ಟ್ ಸೈನ್ಯದ ಜೊತೆ.

ಸರ್ಜನ್ ಆಗೋ ಮುಂಚೆ ಸ್ಟ್ರೆಚರ್ ಹೊತ್ತ, ಆಮೇಲೆ ತಾನೇ ಅದರ ಮೇಲೆ ಮಲಗಿದ. ನನ್ನ ಕೇಳಿದರೆ ಮಾತು ಇಲ್ಲಿಂದ ಶುರುವಾಗಬೇಕು.

ನಿದ್ದೆಗೆಟ್ಟ_ಪೀಜಿ
ಮೂರು ಸಲ ಸೈನ್ಯ ಸೇರಿದ್ದಾ? ನನಗೆ ಒಂದು ಡ್ಯೂಟಿ ಮುಗಿಸೋದೇ ಕಷ್ಟ.

ಹಳೇ_ಸಿಪಾಯಿ
ಓದುಗೂಲಿ ಹೇಳಿದ್ದು ಸರಿ. ನಾನು ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಸ್ಟ್ರೆಚರ್ ಅಂದ್ರೆ ಎರಡು ಬಿದಿರಿಗೆ ಬಟ್ಟೆ ಕಟ್ಟಿದ್ದು ಅಂತ ಸುಮ್ನೆ ಅಂದುಕೊಳ್ತಾರೆ ಜನ. ನಾಲ್ಕು ಜನ ಹೊತ್ತರೂ ಇಳಿಜಾರಿನಲ್ಲಿ ಮುಂದಿನವರ ಭುಜಕ್ಕೆ ಪೂರ್ತಿ ಭಾರ ಬೀಳುತ್ತೆ. ಮಲಗಿರೋನು ನಿಮ್ಮ ಹೆಜ್ಜೆ ಹೆಜ್ಜೆಗೂ ನರಳ್ತಾನೆ. ತರಬೇತಿಯಲ್ಲಿ ನಮ್ಮನ್ನೇ ಒಬ್ಬರಾದ ಮೇಲೆ ಒಬ್ಬರನ್ನ ಮಲಗಿಸಿ ಹೊರಿಸುತ್ತಿದ್ದರು. ಒಂದು ಸಲ ನಾನು ಮಲಗಿದ್ದೆ. ಆಕಾಶ ಅಲುಗಾಡುತ್ತೆ, ಕಾಲು ಮೇಲಾಗಿ ತಲೆ ಕೆಳಗಾಗುತ್ತೆ, ಹೊರುವವನ ಉಸಿರು ಮಾತ್ರ ಕೇಳುತ್ತೆ. ಅವತ್ತಿನಿಂದ ಯಾರನ್ನು ಹೊತ್ತರೂ ಕಾಲು ನೋಡಿ ಇಡ್ತಿದ್ದೆ.

ಈ ಮನುಷ್ಯ ಆಮೇಲೆ ಜೀವನ ಪೂರ್ತಿ "ಗಾಯಾಳು ಡಾಕ್ಟರ್ ಹತ್ತಿರ ಬರೋದಲ್ಲ, ಡಾಕ್ಟರ್ ಗಾಯಾಳು ಹತ್ತಿರ ಹೋಗಬೇಕು" ಅನ್ನೋ ಹಟ ಹಿಡಿದಿದ್ದು ಎಲ್ಲಿಂದ ಬಂತು ಅಂತ ನನಗೇನೂ ಆಶ್ಚರ್ಯ ಇಲ್ಲ.

ಎದುರುಮಾತು
ಎಲ್ಲರೂ ಹಾರ ಹಾಕೋ ಮುಂಚೆ ಒಂದು ಮಾತು. ಬೆಥೂನ್ ಹೆಸರು ಉಳಿದಿದ್ದು ಚೀನಾದ ಕಮ್ಯುನಿಸ್ಟ್ ನಾಯಕ ಮಾವೋನಿಂದ. 1939ರ ಡಿಸೆಂಬರ್ 21ಕ್ಕೆ ಮಾವೋ ಒಂದು ಶ್ರದ್ಧಾಂಜಲಿ ಬರೆದ. ಸಾಂಸ್ಕೃತಿಕ ಕ್ರಾಂತಿ ಕಾಲದಲ್ಲಿ ಅದನ್ನ ಇಡೀ ದೇಶ ಬಾಯಿಪಾಠ ಮಾಡಿತು. ಅದಿಲ್ಲದಿದ್ದರೆ ಈ ಸರ್ಜನ್ ಯಾರಿಗೂ ಗೊತ್ತಿರುತ್ತಿರಲಿಲ್ಲ. ಕೆನಡಾ ಏನು ಕಮ್ಮಿ? ಚೀನಾ ಜೊತೆ ರಾಜತಾಂತ್ರಿಕ ಸಂಬಂಧ ಆಗಿದ್ದು 1970ರಲ್ಲಿ, ಇವನು ರಾಷ್ಟ್ರೀಯ ಮಹತ್ವದ ವ್ಯಕ್ತಿ ಅಂತ ಹೊಳೆದಿದ್ದು 1972ರಲ್ಲಿ, ಹುಟ್ಟಿದ ಮನೆ ಮ್ಯೂಸಿಯಂ ಆಗಿದ್ದು 1976ರಲ್ಲಿ. ಮೂವತ್ತು ವರ್ಷಕ್ಕೂ ಜಾಸ್ತಿ ಎಲ್ಲಿ ಮಲಗಿದ್ದರು ಅವರೆಲ್ಲ? ಕಮ್ಯುನಿಸ್ಟ್ ಅಂತ ಹೆಸರೆತ್ತೋಕೆ ಭಯ, ಆಮೇಲೆ ಚೀನಾಕ್ಕೆ ಗೋಧಿ ಮಾರೋಕೆ ಹೆಸರು ಬೇಕು.

ಓದುಗೂಲಿ
@ಎದುರುಮಾತು ತಾರೀಖೆಲ್ಲ ಸರಿ. ಆದ್ರೆ ಆ ಶ್ರದ್ಧಾಂಜಲಿಯನ್ನ ಪೂರ್ತಿ ಓದಿದ್ದೀರಾ? ಅದರಲ್ಲಿ ಮಾವೋ ತಾನೇ ಒಪ್ಪಿಕೊಳ್ತಾನೆ: ಭೇಟಿಯಾಗಿದ್ದು ಒಂದೇ ಸಲ, ಬೆಥೂನ್ ಎಷ್ಟೋ ಕಾಗದ ಬರೆದ, ಕೆಲಸದ ಮಧ್ಯೆ ನಾನು ವಾಪಸ್ ಬರೆದಿದ್ದು ಒಂದೇ, ಅದೂ ತಲುಪಿತೋ ಇಲ್ಲವೋ ಗೊತ್ತಿಲ್ಲ ಅಂತ. ಜನ ಬಾಯಿಪಾಠ ಮಾಡಿದ ಬರಹದಲ್ಲಿ ನನಗೆ ನೆನಪು ಉಳಿದಿದ್ದು ಅದೊಂದೇ. ಬೆಟ್ಟದ ಮೇಲೆ ಭಾಷೆ ಗೊತ್ತಿಲ್ಲದ ಊರಲ್ಲಿ ಕೂತು ಒಬ್ಬ ಕಾಗದ ಬರೀತಾನೇ ಇದ್ದಾನೆ. ಉತ್ತರ ಇಲ್ಲ.

ಎದುರುಮಾತು
ಅದು ಒಳ್ಳೇ ಪಾಯಿಂಟ್. ಆದ್ರೂ ನನ್ನ ಮಾತು ವಾಪಸ್ ತಗೊಳಲ್ಲ.

ಓ_ಗ್ರೂಪ್
ರಕ್ತದ ವಿಷಯ ಯಾರೂ ಎತ್ತಲಿಲ್ಲ! 1936ರ ನವೆಂಬರ್‌ನಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ಗೆ ಹೋದರು. ಅಂತರ್ಯುದ್ಧ ನಡೀತಿತ್ತು. ಗಾಯಗೊಂಡವರು ಆಸ್ಪತ್ರೆ ತಲುಪೋ ಮುಂಚೆ ರಕ್ತ ಹೋಗಿ ಸಾಯುತ್ತಿದ್ದರು. ಇವರು ಊರಿನ ಜನರಿಂದ ರಕ್ತ ತಗೊಂಡು, ಹೆಪ್ಪುಗಟ್ಟದ ಹಾಗೆ ಸೋಡಿಯಂ ಸಿಟ್ರೇಟ್ ಹಾಕಿ, ಬಾಟಲಿಯಲ್ಲಿ ತಣ್ಣಗಿಟ್ಟು, ಗಾಡಿಯಲ್ಲಿ ರಣರಂಗದ ಹತ್ತಿರಕ್ಕೇ ಒಯ್ದರು. ಪ್ರಪಂಚದ ಮೊದಲ ಬ್ಲಡ್ ಬ್ಯಾಂಕ್ ಅದು. ಚೀನಾದಲ್ಲಿ ಸ್ವಂತ ರಕ್ತಾನೂ ಕೊಟ್ಟರು, ಓ ಗ್ರೂಪ್. ನನ್ನದೂ ಅದೇ, ಅದಕ್ಕೇ ಸ್ವಲ್ಪ ಜಂಬ :)

ತಿದ್ದುಪಡಿ_ತಿಮ್ಮ
"ಪ್ರಪಂಚದ ಮೊದಲ" ಅನ್ನೋದನ್ನ ಅಳಿಸಿ ದಯವಿಟ್ಟು. ಸ್ಪೇನ್‌ನಲ್ಲೇ ಬೆಥೂನ್‌ಗಿಂತ ಮುಂಚೆ ಬಾರ್ಸಿಲೋನಾದಲ್ಲಿ ಫ್ರೆಡೆರಿಕ್ ದುರಾನ್ ಜೋರ್ದಾ ಅನ್ನೋ ಡಾಕ್ಟರ್ ಬಾಟಲಿ ರಕ್ತವನ್ನ ಮುಂಚೂಣಿಗೆ ಕಳಿಸೋಕೆ ಶುರು ಮಾಡಿದ್ದರು. ಅದಕ್ಕೂ ಹಿಂದೆ 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಸಿಟ್ರೇಟ್ ರಕ್ತವನ್ನ ಐಸ್ ಪೆಟ್ಟಿಗೆಯಲ್ಲಿಟ್ಟು ಫ್ರಾನ್ಸಿನ ಯುದ್ಧಭೂಮಿಯಲ್ಲಿ ಕೊಟ್ಟಿದ್ದರು. ಬೆಥೂನ್ ಮಾಡಿದ್ದು ದೊಡ್ಡದೇ. ಮೊದಲು ಮಾಡಿದ್ದು ಅಲ್ಲ, ಅಷ್ಟೇ.

ಓ_ಗ್ರೂಪ್
ಸರಿ ಮಾರಾಯ್ರೆ, ಅಳಿಸಿದೆ ಅಂದುಕೊಳ್ಳಿ. ಮೊದಲನೆಯವನು ಅಲ್ಲದಿದ್ದರೆ ರಕ್ತ ನೀರಾಗಲ್ಲವಲ್ಲ.

ತಿದ್ದುಪಡಿ_ತಿಮ್ಮ
ಆಗಲ್ಲ. ಆದ್ರೆ ಸಿಸ್ಟರ್ ಹುಡುಗಿಯರ ಮುಂದೆ ಹೇಳಿ, ಅವರು ಅದನ್ನೇ ಪರೀಕ್ಷೆಯಲ್ಲಿ ಬರೆದರೆ?

ಪುಟ_ತಿರುವು
ಸ್ಪೇನ್ ಬಂದಿದ್ದರಿಂದ ಹೇಳ್ತೀನಿ. 1937ರ ಫೆಬ್ರವರಿಯಲ್ಲಿ ಮಾಲಗಾ ಊರು, ಸರ್ಕಾರದ ವಿರುದ್ಧ ದಂಗೆ ಎದ್ದ ಜನರಲ್ ಫ್ರಾಂಕೋ ಕಡೆಯವರ ಕೈಗೆ ಹೋಯ್ತು. ಹತ್ತಾರು ಸಾವಿರ ಜನ ಸಮುದ್ರದ ದಂಡೆಯ ರಸ್ತೆ ಹಿಡಿದು ಅಲ್ಮೆರಿಯಾ ಕಡೆ ನಡೆದರು, ಸುಮಾರು 200 ಕಿಲೋಮೀಟರ್. ಮೇಲಿಂದ ವಿಮಾನ, ಪಕ್ಕದಿಂದ ಹಡಗಿನ ಗುಂಡು. ಬೆಥೂನ್ ತಂಡ ರಕ್ತದ ಬಾಟಲಿ ತಗೊಂಡು ಎದುರುಗಡೆಯಿಂದ ಬರ್ತಾ ಇತ್ತು. ರಸ್ತೆ ತುಂಬ ಮಕ್ಕಳು. ಗಾಡಿಯಲ್ಲಿದ್ದ ಸಾಮಾನು ಇಳಿಸಿ, ಮೊದಲು ಮಕ್ಕಳನ್ನ ಮಾತ್ರ ಹತ್ತಿಸಿಕೊಂಡು, ದಿನಗಟ್ಟಲೆ ಹೋಗಿ ಬಂದು ಮಾಡಿದರು. ತಾಯಿಯನ್ನ ಬಿಟ್ಟು ಮಗುವನ್ನ ಹತ್ತಿಸಿಕೊಳ್ಳೋದು, ಅದನ್ನ ತೀರ್ಮಾನಿಸೋನು ಬಾಗಿಲ ಹತ್ತಿರ ನಿಂತ ಒಬ್ಬ ಮನುಷ್ಯ. ಆಪರೇಷನ್ ಟೇಬಲ್ ಇಲ್ಲದ ಸರ್ಜರಿ ಅನ್ನಿಸಿತು ನನಗೆ. ಮಾಲಗಾದಲ್ಲಿ ಈಗ ಕೆನಡಾದವರ ಹೆಸರಲ್ಲಿ ಒಂದು ನಡೆದಾಡೋ ದಾರಿ ಇದೆ.

ಕುತೂಹಲಿ
ಹೆಸರು ಬೆಥೂನಾ, ಬೆತ್ಯೂನಾ, ಬೀಟನ್ನಾ? ಮೂರೂ ಕೇಳಿದ್ದೇನೆ.

ತಿದ್ದುಪಡಿ_ತಿಮ್ಮ
ಸ್ಕಾಟ್ಲೆಂಡಿನ ಕಡೆ ಆ ಮನೆತನದ ಹೆಸರನ್ನ ಬೀಟನ್ ಅಂತಾನೇ ಹೇಳೋದು. ಕೆನಡಾದಲ್ಲಿ ಬೆತ್ಯೂನ್. ಚೀನಾದಲ್ಲಿ ಬಾಯ್ ಚ್ಯೂಎನ್. ಕನ್ನಡದಲ್ಲಿ ಬೆಥೂನ್ ಅಂತ ಓಡ್ತಾ ಇದೆ, ಓಡಲಿ.

ಕುತೂಹಲಿ
ನಿಮಗೆ ತಿದ್ದದೇ ಬಿಟ್ಟಿದ್ದು ಇದೇ ಮೊದಲು ಅಲ್ವಾ 😄

ನಿದ್ದೆಗೆಟ್ಟ_ಪೀಜಿ
ಎದೆ ಸರ್ಜರಿಯವರಿಗೆ ಇವರು ಬೇರೆ ಕಾರಣಕ್ಕೆ ಗೊತ್ತು. 1926ರಲ್ಲಿ ಇವರಿಗೇ ಟಿಬಿ ಬಂತು. ಆಗ ಔಷಧಿ ಎಲ್ಲಿತ್ತು? ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅಮೆರಿಕದ ಸರನಾಕ್ ಲೇಕ್ ಅನ್ನೋ ಕಡೆ ಸ್ಯಾನಟೋರಿಯಂನಲ್ಲಿ ಮಲಗಿಸಿದರು. ಸಾಯೋದೇ ಗ್ಯಾರಂಟಿ ಅಂದುಕೊಂಡು, ಕಂದು ಕಾಗದದ ಮೇಲೆ ಉದ್ದಕ್ಕೆ ತನ್ನ ಬದುಕಿನ ಚಿತ್ರ ಬರೆದು ಗೋಡೆಗೆ ಅಂಟಿಸಿದರಂತೆ. ಕೊನೇ ಚಿತ್ರದಲ್ಲಿ ಸಾವಿನ ದೇವತೆಯ ತೋಳಲ್ಲಿ ತಾನು. ಆಮೇಲೆ ಪುಸ್ತಕ ಓದ್ತಾ ಓದ್ತಾ ಒಂದು ಚಿಕಿತ್ಸೆ ಕಣ್ಣಿಗೆ ಬಿತ್ತು: ಎದೆಗೂಡಿನೊಳಗೆ ಗಾಳಿ ತುಂಬಿ ಕಾಯಿಲೆ ಬಿದ್ದ ಶ್ವಾಸಕೋಶವನ್ನ ಮುದುಡಿಸಿ ವಿಶ್ರಾಂತಿ ಕೊಡೋದು. ಡಾಕ್ಟರುಗಳು ಹಿಂದೆಮುಂದೆ ನೋಡಿದರು, ಇವರು ಹಟ ಮಾಡಿ ತನಗೇ ಮಾಡಿಸಿಕೊಂಡರು. ಉಳಿದರು.

ಅಲ್ಲಿಂದ ಹೊರಗೆ ಬಂದು ಮಾಂಟ್ರಿಯಲ್‌ನಲ್ಲಿ ಎದೆ ಸರ್ಜನ್ ಆದರು. ಇರೋ ಸಲಕರಣೆ ಯಾವುದೂ ಸರಿ ಕಾಣಲಿಲ್ಲ, ತಾವೇ ಮಾಡಿಸೋಕೆ ಶುರು. ಪಕ್ಕೆಲುಬು ಕತ್ತರಿಸೋ ಕತ್ತರಿಯ ಯೋಚನೆ ಬಂದಿದ್ದು ಬೂಟು ರಿಪೇರಿಯವನ ಕೈಯಲ್ಲಿದ್ದ ಕತ್ತರಿ ನೋಡಿ ಅಂತಾರೆ. ಉದ್ದ ಹಿಡಿ, ಗಿಡ್ಡ ಬಾಯಿ. ಬೆಥೂನ್ ರಿಬ್ ಶಿಯರ್ ಅಂತ ಇವತ್ತಿಗೂ ಕ್ಯಾಟಲಾಗ್‌ನಲ್ಲಿದೆ. ಸಿಸ್ಟರ್, ನಿಮ್ಮ ಎದೆ ಸೆಟ್‌ನಲ್ಲೇ (ಎದೆ ಆಪರೇಷನ್ ಸಲಕರಣೆಗಳ ಕಟ್ಟು) ಇರಬಹುದು, ನೋಡಿ.

ಸ್ಕ್ರಬ್_ಸಿಸ್ಟರ್
ನಿಜವಾಗ್ಲೂ? ಎದೆ ಸೆಟ್ ವಾರಕ್ಕೆ ಒಂದು ಸಲ ನನ್ನ ಕೈಯಲ್ಲೇ ಬಿಚ್ಚುತ್ತೆ. ರಿಬ್ ಶಿಯರ್ ಎರಡಿದೆ. ಸೋಮವಾರ ನೋಡಿ ಹೇಳ್ತೀನಿ.

ಇನ್ನೊಂದು ಅನುಮಾನ. ಕೊನೇ ಆಪರೇಷನ್‌ನಲ್ಲಿ ಗ್ಲೌಸ್ ಇರಲಿಲ್ಲವಾ, ಇದ್ದೂ ಹಾಕಿಕೊಳ್ಳಲಿಲ್ಲವಾ? ನನಗೆ ಇದು ಮುಖ್ಯ. ಎರಡೂ ಬೇರೆ ಬೇರೆ ಪಾಠ.

ಓದುಗೂಲಿ
ಉತ್ತರ ಚೀನಾದ ಬೆಟ್ಟದ ಊರುಗಳು, ಜಪಾನಿ ಸೈನ್ಯದ ದಿಗ್ಬಂಧನ, ಔಷಧಿ ಸಾಮಾನು ಯಾವುದೂ ಸರಿಯಾಗಿ ಒಳಗೆ ಬರ್ತಿರಲಿಲ್ಲ. ಗ್ಲೌಸ್ ಅಲ್ಲಿ ದಿನಾ ಸಿಗೋ ವಸ್ತು ಅಲ್ಲ. 1939ರ ಅಕ್ಟೋಬರ್ ಕೊನೆಯಲ್ಲಿ, ಜಪಾನಿನವರು ಹತ್ತಿರ ಬರ್ತಾ ಇದ್ದಾರೆ ಅಂತ ಅವಸರ. ಬರಿಗೈಯಲ್ಲಿ ಮೂಳೆ ಚೂರು ತೆಗೆಯುವಾಗ ಎಡಗೈ ಬೆರಳು ಕೊಯ್ದುಕೊಂಡರು. ಅದು ಮಾಯೋ ಮುಂಚೆಯೇ ಕೀವಾಗಿದ್ದ ಇನ್ನೊಬ್ಬ ರೋಗಿಗೆ ಕೈ ಹಾಕಿದರು. ಬೆರಳು ಊದಿತು, ತೋಳಿಗೆ ಏರಿತು, ರಕ್ತಕ್ಕೆ ಸೇರಿತು. ಆಮೇಲೂ ಕೆಲಸ ನಿಲ್ಲಿಸಲಿಲ್ಲ. ನವೆಂಬರ್ 12ರ ಬೆಳಗಿನ ಜಾವ ಹ್ವಾಂಗ್‌ಶಿಕೋ ಅನ್ನೋ ಹಳ್ಳಿಯಲ್ಲಿ ಹೋದರು. 49 ವರ್ಷ.

ನಿದ್ದೆಗೆಟ್ಟ_ಪೀಜಿ
ನಂಜು ತಡೆಯೋ ಸಲ್ಫಾ ಔಷಧಿ 1935ಕ್ಕೇ ಬಂದಿತ್ತು. ಆ ಬೆಟ್ಟಕ್ಕೆ ಮುಟ್ಟಿರಲಿಲ್ಲ. ಪೆನಿಸಿಲಿನ್ ಅನ್ನ ನಂಜಾದ ರೋಗಿಗೆ ಮೊದಲು ಕೊಟ್ಟಿದ್ದು 1941ರ ಫೆಬ್ರವರಿ, ಆಕ್ಸ್‌ಫರ್ಡ್‌ನಲ್ಲಿ, ಒಬ್ಬ ಪೊಲೀಸ್‌ಗೆ. ಅವನು ಚೇತರಿಸಿಕೊಳ್ತಾ ಇದ್ದ, ಔಷಧಿ ಮುಗಿದುಹೋಯ್ತು, ಸತ್ತ. ಹದಿನೈದು ತಿಂಗಳ ಅಂತರ, ನೋಡಿ.

ವೈದ್ಯ_ಪುರಾಣ
ಇದೇ ಸಾವು ಮೊದಲೂ ಆಗಿತ್ತು. ವಿಯೆನ್ನಾದಲ್ಲಿ 1847ರಲ್ಲಿ ಕೊಲೆಚ್ಕಾ ಅನ್ನೋ ಪ್ರೊಫೆಸರ್‌ಗೆ ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯ ಕತ್ತಿ ಚುಚ್ಚಿತು, ನಂಜಾಗಿ ಸತ್ತರು. ಅವರ ಗೆಳೆಯ ಸೆಮ್ಮೆಲ್‌ವೈಸ್ ಆ ಶವದ ವರದಿ ಓದಿ, ಬಾಣಂತಿಯರು ಸಾಯೋ ಕಾಯಿಲೆಯೂ ಇದೇ ಅಂತ ಕಂಡುಕೊಂಡರು. ಕೈ ತೊಳೆಯೋದು ಅಲ್ಲಿಂದ ಶುರು.

ಸಿಸ್ಟರ್‌ಗೆ ಇನ್ನೊಂದು: ಓಟಿ ಗ್ಲೌಸ್ ಸರ್ಜನ್‌ಗೋಸ್ಕರವೂ ಬರಲಿಲ್ಲ, ರೋಗಿಗೋಸ್ಕರವೂ ಬರಲಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಹಾಲ್‌ಸ್ಟೆಡ್ ಅನ್ನೋ ಸರ್ಜನ್, ಅವರ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಕೈ ತೊಳೆಯೋ ಪಾದರಸದ ದ್ರಾವಣಕ್ಕೆ ಆಕೆಯ ಚರ್ಮ ಕಿತ್ತುಬರುತ್ತಿತ್ತು. ಅವರ ಕೈಗೆ ಅಂತ ತೆಳು ರಬ್ಬರ್ ಗ್ಲೌಸ್ ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆ ಆದರು.

ಸ್ಕ್ರಬ್_ಸಿಸ್ಟರ್
ಏನು, ಗ್ಲೌಸ್ ನರ್ಸ್‌ಗೋಸ್ಕರ ಬಂದಿದ್ದಾ! ಹನ್ನೊಂದು ವರ್ಷದಲ್ಲಿ ಒಬ್ಬರೂ ಹೇಳಿಲ್ಲ ನನಗೆ.

ನಿದ್ದೆಗೆಟ್ಟ_ಪೀಜಿ
ಓಟಿಯಲ್ಲಿ ಮದುವೆ ಆಗೋ ಯೋಗ ಎಲ್ಲರಿಗೂ ಇರಲ್ಲ. ನಮಗೆ ಬೈಗುಳ ಮಾತ್ರ.

ಎದುರುಮಾತು
ಬೈಗುಳ ಅಂದ್ರಲ್ಲ, ಬೆಥೂನ್ ಕೈಕೆಳಗೆ ಕೆಲಸ ಮಾಡಿದ್ದರೆ ಗೊತ್ತಾಗ್ತಿತ್ತು. ಮಹಾ ಕೋಪಿಷ್ಠ. ಕುಡಿತ ಬೇರೆ. ಸ್ಪೇನ್‌ನಲ್ಲಿ ಅಲ್ಲಿನವರ ಜೊತೆ ಜಗಳ ಆಡಿಕೊಂಡು 1937ರಲ್ಲೇ ವಾಪಸ್ ಬರಬೇಕಾಯ್ತು. ಹೆಂಡತಿ ಫ್ರಾನ್ಸಿಸ್‌ಳನ್ನ ಮದುವೆ ಆಗಿ, ಬಿಟ್ಟು, 1929ರಲ್ಲಿ ಮತ್ತೆ ಅವಳನ್ನೇ ಮದುವೆ ಆಗಿ, ಮತ್ತೆ ಬಿಟ್ಟ ಮನುಷ್ಯ. ಇದನ್ನೂ ಹೇಳ್ತೀರಾ ಹುಡುಗಿಯರಿಗೆ?

ಮಲ್ಲಿಗೆ_ಮೊಗ್ಗು
ಹೇಳಲಿ ಬಿಡಿ. ಜೀವ ಉಳಿಸಿದವರು ಮನೆಯಲ್ಲೂ ದೇವರಾಗಿರಬೇಕು ಅಂತ ನಾವೇ ನಿರೀಕ್ಷೆ ಮಾಡೋದು. ಜೊತೆಗೆ ಜೀನ್ ಯೂಯನ್ ಬಗ್ಗೆಯೂ ಹೇಳಿ. ಕೆನಡಾದ ನರ್ಸ್, 1938ರ ಜನವರಿಯಲ್ಲಿ ಬೆಥೂನ್ ಜೊತೆ ಅದೇ ಹಡಗಲ್ಲಿ ಚೀನಾಕ್ಕೆ ಹೋದವರು. ಚೀನೀ ಭಾಷೆ ಬರುತ್ತಿದ್ದದ್ದು ಅವರಿಗೆ, ಇವರಿಗಲ್ಲ. ಇಬ್ಬರಿಗೂ ಸರಿಹೋಗಲಿಲ್ಲ, ಆಕೆ ಬೇರೆ ದಾರಿ ಹಿಡಿದರು. ಪ್ರತಿಮೆ ಯಾರಿಗಾಯ್ತು, ಯಾರಿಗಾಗಲಿಲ್ಲ ಅಂತ ನರ್ಸಿಂಗ್ ಹುಡುಗಿಯರಿಗೆ ನಾವು ಹೇಳಿಕೊಡಬೇಕಾ?

ಹಳೇ_ಸಿಪಾಯಿ
ಕೋಪದ ಬಗ್ಗೆ ಒಂದು ಮಾತು. ನಾನು ಕಂಡ ಸೈನ್ಯದ ಸರ್ಜನ್‌ಗಳಲ್ಲಿ ಕೆಲಸದಲ್ಲಿ ಅತ್ಯಂತ ಚುರುಕಾದ ಒಬ್ಬರು ಕತ್ತರಿ ಎಸೆಯುತ್ತಿದ್ದರು. ಒಂದು ಸಲ ನನ್ನ ಕಾಲ ಹತ್ತಿರ ಬಿತ್ತು. ರಾತ್ರಿ ಮಾತ್ರ ಎದ್ದು ಬಂದು ಒಬ್ಬೊಬ್ಬ ಗಾಯಾಳುವಿನ ಹೊದಿಕೆ ಸರಿಮಾಡಿ ಹೋಗುತ್ತಿದ್ದರು. ಎರಡೂ ಅವರೇ. ನಾನು ಕತ್ತರಿ ಎಸೆದಿದ್ದನ್ನ ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಹೊದಿಕೆಯನ್ನೂ ಮರೆತಿಲ್ಲ.

ಕುತೂಹಲಿ
ಕೋಟ್ನೀಸ್ ಇವರ ಜೊತೆ ಇದ್ದರಲ್ವಾ?

ಪುಟ_ತಿರುವು
ಜೊತೆ ಅಲ್ಲ, ಆಮೇಲೆ. ದ್ವಾರಕಾನಾಥ ಕೋಟ್ನೀಸ್ ಸೊಲ್ಲಾಪುರದವರು. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐದು ಜನ ಡಾಕ್ಟರುಗಳಲ್ಲಿ ಒಬ್ಬರು. ಇವರು ಬೆಥೂನ್ ಕೆಲಸ ಮಾಡುತ್ತಿದ್ದ ಪ್ರದೇಶ ಮುಟ್ಟುವಷ್ಟರಲ್ಲಿ ಬೆಥೂನ್ ತೀರಿಕೊಂಡಿದ್ದರು. ಬೆಥೂನ್ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸ್ ಮುಖ್ಯಸ್ಥರಾದರು. ಅಲ್ಲೇ ಗುವೊ ಚಿಂಗ್‌ಲಾನ್ ಅನ್ನೋ ನರ್ಸ್‌ನ ಮದುವೆ ಆದರು. ಮಗ ಹುಟ್ಟಿ ನಾಲ್ಕು ತಿಂಗಳು ತುಂಬೋ ಮುಂಚೆ, 1942ರ ಡಿಸೆಂಬರ್ 9ಕ್ಕೆ ಇವರೂ ಹೋದರು, 32 ವರ್ಷ. ಶಿಜಿಯಾಝ್ವಾಂಗ್ ಊರಿನ ಒಂದೇ ಸ್ಮಾರಕ ವನದಲ್ಲಿ ಇಬ್ಬರ ಸಮಾಧಿಯೂ ಇದೆ. ಬದುಕಿದ್ದಾಗ ಒಟ್ಟಿಗೆ ಕೆಲಸ ಮಾಡದ ಇಬ್ಬರು.

ಓದುಗೂಲಿ
ಒಂದು ಮರೆತಿದ್ದೆ. ಸೈನ್ಯದ ಮುಖ್ಯಸ್ಥರಿಗೆ ಬೆಥೂನ್ ಬರೆದ ಕೊನೇ ಕಾಗದ ಅಂತ ಒಂದಿದೆ. ಸಾಮಾನು ಯಾರ್ಯಾರಿಗೆ ಕೊಡಬೇಕು, ಫ್ರಾನ್ಸಿಸ್‌ಗೆ ಸ್ವಲ್ಪ ದುಡ್ಡು ಕಳಿಸಿ, ಇಷ್ಟಾದ ಮೇಲೆ ಔಷಧಿ ಲೆಕ್ಕ. ವರ್ಷಕ್ಕೆ 250 ಪೌಂಡ್ ಕ್ವಿನೈನ್ ಬೇಕು, 300 ಪೌಂಡ್ ಕಬ್ಬಿಣಾಂಶದ ಔಷಧಿ ಬೇಕು, ಬಾವೊದಿಂಗ್, ತ್ಯಾನ್‌ಜಿನ್ ಕಡೆ ಕೊಳ್ಳಬೇಡಿ, ಶಾಂಘೈ ಹಾಂಗ್‌ಕಾಂಗ್‌ಗಿಂತ ಅಲ್ಲಿ ಎರಡು ಪಟ್ಟು ರೇಟು ಅಂತ. ಸಾಯ್ತಾ ಇರೋನು ಸ್ಟೋರ್ ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಬರೀತಾನೆ!

ಸ್ಕ್ರಬ್_ಸಿಸ್ಟರ್
ಓದುಗೂಲಿ ಅವರೇ, ಇಂಡೆಂಟ್ ಅಂದ ತಕ್ಷಣ ಮನುಷ್ಯ ಕಣ್ಣಿಗೆ ಕಂಡರು ನೋಡಿ. ನಮ್ಮಲ್ಲಿ ಇಂಡೆಂಟ್ ಬರೆಯೋರಿಗೆ ಯಾರೂ ಹಾರ ಹಾಕಲ್ಲ.

ಹಳೇ_ಸಿಪಾಯಿ
ಹಾಗಾದ್ರೆ ಹೇಸರಗತ್ತೆಯ ಜೀನನ್ನೂ ಸೇರಿಸಿಕೊಳ್ಳಿ. ಕಟ್ಟಿಸಿದ ಮಾದರಿ ಆಸ್ಪತ್ರೆಯನ್ನ ಜಪಾನಿನವರು ಹಾಳು ಮಾಡಿದ ಮೇಲೆ, ಇಡೀ ಓಟಿಯನ್ನೇ ಪ್ರಾಣಿ ಬೆನ್ನಿಗೆ ಏರಿಸಿದರು. ಮರದ ಜೀನು, ಎರಡೂ ಕಡೆ ಖಾನೆ, ಸೇತುವೆ ಆಕಾರ. ಅಲ್ಲಿನ ಮಾರ್ಕೋ ಪೋಲೋ ಸೇತುವೆಯ ಹೆಸರನ್ನೇ ಇಟ್ಟಿದ್ದರು ಅದಕ್ಕೆ. ಇಳಿಸಿದರೆ ಓಟಿ, ಏರಿಸಿದರೆ ಸಾಮಾನು.

ಸ್ಕ್ರಬ್_ಸಿಸ್ಟರ್
(ಸೋಮವಾರ ರಾತ್ರಿ)
ಎದೆ ಸೆಟ್ ನೋಡಿದೆ. ಎರಡು ಶಿಯರ್‌ನಲ್ಲಿ ಒಂದು ಉದ್ದ ಹಿಡಿ, ಗಿಡ್ಡ ಬಾಯಿ, ಕೀಲಿನ ಹತ್ತಿರ ಏನೋ ಕೆತ್ತಿದೆ, ಸವೆದು ಏನೂ ಓದೋಕೆ ಆಗಲ್ಲ. ಕ್ಯಾಟಲಾಗ್ ಚಿತ್ರ ಪಕ್ಕಕ್ಕಿಟ್ಟು ಪೀಜಿ ಡಾಕ್ಟರ್ ಒಬ್ಬರಿಗೆ ತೋರಿಸಿದೆ, ಅದೇ ಅಂದರು.

ಸಲಕರಣೆ ತೊಳೆದು ಪ್ಯಾಕ್ ಮಾಡೋ ಅಣ್ಣ ಒಬ್ಬರಿದ್ದಾರೆ, ನನಗಿಂತ ಹಳಬರು. ಇದಕ್ಕೆ ಏನಂತ ಬರೀತೀರಿ ಅಂತ ಕೇಳಿದೆ. ಲೆಕ್ಕದ ಚೀಟಿ ತೆಗೆದು ತೋರಿಸಿದರು. ಕನ್ನಡದಲ್ಲಿ, ದುಂಡಗೆ ಬರೆದಿದೆ: "ಬಟನ್ ಕತ್ತರಿ – 1".

ತಿದ್ದುಪಡಿ_ತಿಮ್ಮ
ಬೀಟನ್, ಬಟನ್... ಸ್ಕಾಟ್ಲೆಂಡಿಗೆ ಎಲ್ಲರಿಗಿಂತ ಹತ್ತಿರ ಇರೋರು ಅವರೇ. ತಿದ್ದಬೇಡಿ.

ಸ್ಕ್ರಬ್_ಸಿಸ್ಟರ್
ತಿದ್ದಲ್ಲ. 12ಕ್ಕೆ ಅದನ್ನ ಟ್ರೇಯಲ್ಲಿ ಇಟ್ಟುಕೊಂಡು ಹೋಗೋಕೆ ಪರ್ಮಿಷನ್ ಕೇಳಿದ್ದೇನೆ. ಕೊಡ್ತಾರೆ ಅನ್ಸುತ್ತೆ, ಅವತ್ತು ಎದೆ ಕೇಸ್ ಯಾವುದೂ ಬರದಿದ್ದರೆ.